ಅಪ್‌ಡೇಟ್: ಜೋಗದ ನೀರಿಗೆ ಕೊನೆಗೆ ಯಾವ ಕ್ರಿಯಾಪದ ಹಾಕಿದೆ

ಜೋಗದ ಬಗ್ಗೆ ಇಂಗ್ಲಿಷ್‌ನಲ್ಲಿ ಒಂದು ಪುಟ ಬರೆಯಬೇಕು, ಫಾಲ್, ಪ್ಲಂಜ್, ಡಿಸೆಂಡ್ ಇವುಗಳಲ್ಲಿ ಯಾವುದು ಎಲ್ಲಿ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ರಾಜ 253 ಮೀಟರ್ ಎತ್ತರದಿಂದ ನೇರವಾಗಿ ಧುಮುಕುತ್ತಾನೆ. ಅದಕ್ಕೆ ಪ್ಲಂಜ್. ರಾಣಿ ಬಂಡೆಗೆ ಅಂಟಿಕೊಂಡು, ಬಳುಕುತ್ತಾ ಇಳಿಯುತ್ತಾಳೆ. ಅಲ್ಲೂ ಪ್ಲಂಜ್ ಅಂದರೆ ಸುಳ್ಳಾಗುತ್ತದೆ ಅಲ್ವಾ? ಕ್ಯಾಸ್ಕೇಡ್ ಹಾಕಿದೆ.

ಮೆಟ್ಟಿಲಿಳಿಯುವ ಜನರಿಗೆ ಡಿಸೆಂಡ್ ಬೇಡ, ಗೋ ಡೌನ್ ಸಾಕು ಅಂದವರ ಮಾತು ಒಪ್ಪಿದೆ. ಡಿಸೆಂಡ್ ಜಾಸ್ತಿ ಗತ್ತಿನ ಪದ, ವಿಮಾನದ ಘೋಷಣೆಗೇ ಚೆಂದ. ಫಾಲ್ ಹಾಕಿದರಂತೂ ಜನ ಕಣಿವೆಗೆ ಬಿದ್ದೇಬಿಟ್ಟರು ಅಂತಾಗುತ್ತದೆ!

ಫಾಲ್ ಒಂದೇ ಕಡೆ ಉಳಿಯಿತು: ಬೇಸಿಗೆಯಲ್ಲಿ ಲಿಂಗನಮಕ್ಕಿ ಜಲಾಶಯದ ಮಟ್ಟ ತಗ್ಗುವ ಸಾಲಿನಲ್ಲಿ. ಅಲ್ಲಿ ಸಿಂಕ್ ಹಾಕಿ ಅಂದವರೇ, ಅದು ಮುಳುಗುವ ದೋಣಿಗಿರಲಿ.