‘ದಟ್ಟಣೆ ಶುಲ್ಕ’ವೋ, ‘ದಟ್ಟಣೆ ಸುಂಕ’ವೋ?

ಮಾನ್ಯರೇ,

ಶಿವಮೊಗ್ಗದ ಪದವಿ ವಿದ್ಯಾರ್ಥಿಗಳಿಗಾಗಿ ನಗರ ಸಾರಿಗೆಯ ಕುರಿತು ಒಂದು ಪಾಠ ಬರೆಯುತ್ತಿದ್ದೇನೆ. ವಾಹನಗಳು ಕಿಕ್ಕಿರಿಯುವ ನಗರಭಾಗದಲ್ಲಿ ಕಾರು ಓಡಿಸುವವರಿಂದ ಹಣ ಪಡೆದು ಸಂಚಾರವನ್ನು ತಗ್ಗಿಸುವ ಕ್ರಮಕ್ಕೆ, ಪತ್ರಿಕೆಗಳಲ್ಲಿ ಕಂಡಂತೆ, ‘ದಟ್ಟಣೆ ಶುಲ್ಕ’ ಎಂದೇ ಬರೆದಿದ್ದೆ. ತೀರ್ಥಹಳ್ಳಿಯ ನಮ್ಮ ಭಾವ ಅಡಿಕೆ ಚಪ್ಪರದ ಕೆಳಗೆ ಕುಳಿತು ಕರಡನ್ನು ಓದಿ, “ಪರೀಕ್ಷಾ ಶುಲ್ಕ ಕಟ್ಟಿದರೆ ಪರೀಕ್ಷೆಗೆ ಕೂರಿಸ್ತಾರೆ, ಇದನ್ನ ಕಟ್ಟಿದರೆ ದಟ್ಟಣೆ ಕೊಡ್ತಾರಾ ಮಾರಾಯ?” ಎಂದರು.

ತಮಾಷೆಯ ಮಾತಾದರೂ ಅದರಲ್ಲಿ ಹುರುಳಿದೆ. ಪ್ರವೇಶ ಶುಲ್ಕ, ಬೋಧನಾ ಶುಲ್ಕ, ವಿದ್ಯುತ್ ಶುಲ್ಕ ಇವುಗಳಲ್ಲಿ ಪೂರ್ವಪದವು ಹಣ ಕೊಟ್ಟವನಿಗೆ ದೊರೆಯುವುದನ್ನು ಹೇಳುತ್ತದೆ. ಆದಾಯ ತೆರಿಗೆ, ಆಮದು ಸುಂಕ ಎಂಬಲ್ಲಿ ಯಾವುದರ ಮೇಲೆ ಹೇರಿದ್ದಾರೆ ಎಂಬುದನ್ನು. ಸೋಜಿಗವೆಂದರೆ ಸುಂಕವು ಶುಲ್ಕದ ತದ್ಭವವೇ. ನಮ್ಮ ಬಳ್ಳಿಗಾವೆಯ ಸೀಮೆಯ ಶಾಸನಗಳಲ್ಲಿ ಬರುವ ‘ಪೆರ್ಜುಂಕ’ದಲ್ಲಿ (ಹಿರಿಯ ಸುಂಕ) ಇರುವುದೂ ಇದೇ ಪದ. ತತ್ಸಮ ಕಚೇರಿ, ಕಾಲೇಜುಗಳ ಒಳಗೆ ಹೋಗಿ ಕುಳಿತರೆ ತದ್ಭವ ದಾರಿಯಲ್ಲೇ ಉಳಿಯಿತು; ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಗಾದೆಯೂ ಆ ದಾರಿಯದೇ. ಆದ್ದರಿಂದ ‘ದಟ್ಟಣೆ ಸುಂಕ’ ನನಗೆ ಹೆಚ್ಚು ಒಪ್ಪುತ್ತದೆ.

ಆದರೆ ‘ವಿಳಂಬ ಶುಲ್ಕ’ ನನ್ನ ವಾದಕ್ಕೆ ಅಡ್ಡ ಬರುತ್ತದೆ. ವಿಳಂಬವನ್ನು ಯಾರೂ ಕೊಳ್ಳುವುದಿಲ್ಲ. ಅಲ್ಲಿ ದಂಡದ ವಾಸನೆಯಿದೆಯೆಂದು ತಳ್ಳಿಹಾಕಬಹುದು. ದಟ್ಟಣೆಯ ಹಣದಲ್ಲಿ ಆ ವಾಸನೆಯಿಲ್ಲ: ಈ ಕ್ರಮವಿರುವ ಲಂಡನ್ನಿನಲ್ಲಿ ಹಣ ಕಟ್ಟಿದವನು ತಪ್ಪಿತಸ್ಥನಲ್ಲ, ಕಟ್ಟದವನಿಗೆ ದಂಡ ಬೇರೆಯೇ ಇದೆ.

ಇದಕ್ಕಿಂತ ತೊಡಕಿನದು ಕಾನೂನಿನ ಅರ್ಥ. ಲಂಡನ್ ನಗರವು 2003ರ ಫೆಬ್ರವರಿಯಲ್ಲಿ ದಿನಕ್ಕೆ 5 ಪೌಂಡ್‌ನಂತೆ ಆರಂಭಿಸಿದ್ದನ್ನು ಸೇವೆಗೆ ಕೊಡುವ ಶುಲ್ಕವೆಂದು ಹೇಳುತ್ತ ಬಂದಿದೆ. ಅಲ್ಲಿನ ಅಮೆರಿಕದ ರಾಯಭಾರ ಕಚೇರಿಯಾದರೋ ಇದು ತೆರಿಗೆಯೇ, 1961ರ ವಿಯೆನ್ನಾ ಒಪ್ಪಂದದಂತೆ ರಾಜತಾಂತ್ರಿಕರಿಗೆ ಅನ್ವಯಿಸದು ಎಂದು ಹಣ ಕಟ್ಟಲು ನಿರಾಕರಿಸಿದೆ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ 2006ರಲ್ಲಿ ಪ್ರಯೋಗವಾಗಿ, 2007ರಿಂದ ಕಾಯಂ ಆದದ್ದು ಕಾನೂನಿನ ಪ್ರಕಾರವೇ ತೆರಿಗೆ. ಹೀಗಿರುವಾಗ ಎರಡಕ್ಕೂ ಸುಂಕವೆಂದರೆ ಲಂಡನ್ನಿನ ವ್ಯಾಜ್ಯದಲ್ಲಿ ನಾನೇ ತೀರ್ಪು ಕೊಟ್ಟಂತಾಗುವುದಿಲ್ಲವೇ?

‘ನಗರ ಪ್ರವೇಶ ಶುಲ್ಕ’ ಎಂದು ಕೆಲವರು ಸೂಚಿಸಿದರು. ಸ್ಟಾಕ್‌ಹೋಮಿನಲ್ಲಿ ಹೊರಹೋಗುವಾಗಲೂ ಹಣ ಬೀಳುತ್ತದೆ. ಲಂಡನ್ನಿನಲ್ಲಿ ವಲಯದೊಳಗೇ ಓಡಾಡಿದರೂ ಕೊಡಬೇಕು. ಹಾಗಾಗಿ ಅದನ್ನು ಕೈಬಿಟ್ಟಿದ್ದೇನೆ.

ಶುಲ್ಕ, ತೆರಿಗೆ ಎರಡನ್ನೂ ಒಳಗೊಳ್ಳುವ, ಯಾರ ಪಕ್ಷವನ್ನೂ ವಹಿಸದ ಪದವಾಗಿ ‘ಸುಂಕ’ ಇಂದು ನಿಲ್ಲಬಲ್ಲುದೇ, ಅಥವಾ ಆಮದು, ಅಬಕಾರಿಗಳ ನಂಟಿನಿಂದ ಅದು ಪೂರ್ತಿ ತೆರಿಗೆಯ ಕಡೆಗೇ ವಾಲಿದೆಯೇ? ಹಳೆಯ ದಾಖಲೆಗಳಲ್ಲಿ ಸರಕಿಗಲ್ಲದೆ ಬರಿಯ ಸಂಚಾರಕ್ಕೆ ಸುಂಕ ಎಂದ ಪ್ರಯೋಗ ಕಂಡವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.