ಅಗ್ಗದ ಸಣ್ಣ ಪಿಸ್ತೂಲು ಕೇಳಿದ ತಮ್ಮನಿಗೆ: ಮೊದಲು ನಿಮ್ಮ ವಾರದ ದಿನಚರಿ ನೋಡಿ

ಮೊನ್ನೆ ಟೆಕ್ಸಸ್‌ನ ಫ್ರಿಸ್ಕೋ ಕಡೆಯ ತಮ್ಮ ಒಬ್ಬರು ಇಲ್ಲಿ ಕೇಳಿದ್ದರು. ಗ್ರೀನ್ ಕಾರ್ಡ್ ಬಂತು, ಮನೆ ಕೊಂಡಾಯ್ತು, ಇಬ್ಬರು ಚಿಕ್ಕ ಮಕ್ಕಳು, 400 ಡಾಲರ್ ಒಳಗೆ ಅಂಗಿಯ ಮರೆಯಲ್ಲಿ ಇಟ್ಟುಕೊಂಡು ಓಡಾಡಬಹುದಾದ ಪಿಸ್ತೂಲು ಯಾವುದು ತಗೊಳ್ಳಲಿ ಅಂತ. ಬಂದ ಉತ್ತರಗಳಲ್ಲಿ ಅರ್ಧ ಬರೀ ಮಾಡೆಲ್ ಹೆಸರು, ಇನ್ನರ್ಧ "ನಮ್ಮವರಿಗ್ಯಾಕೆ ಈ ಹುಚ್ಚು" ಅನ್ನೋ ಬೈಗುಳ. ನಾನೂ ನಮ್ಮ ಮನೆಯವರೂ ಪಿಸ್ತೂಲು ಒಯ್ಯುವ ಟೆಕ್ಸಸ್ ಲೈಸೆನ್ಸ್ ಇಟ್ಟುಕೊಂಡವರು, ಮನೇಲಿ ಮಕ್ಕಳೂ ಇದ್ದಾರೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ, ಓದುವ ತಾಳ್ಮೆ ಇದ್ದವರು ಓದಿ.

ಬೈದವರಿಗೆ ಒಂದು ಮಾತು. ನಮ್ಮ ಮಲೆನಾಡಿನ ತೋಟದ ಮನೆಗಳಲ್ಲಿ ಕೋವಿ ಹೊಸದೇನಲ್ಲ. ಹಂದಿ, ಮಂಗನ ಕಾಟಕ್ಕೆ ಬೆಳೆ ರಕ್ಷಣೆಯ ಲೈಸೆನ್ಸ್ ಮಾಡಿಸಿ ಇಟ್ಟುಕೊಳ್ಳೋದು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ರಸೀದಿ ತರೋದು, ಇದನ್ನೆಲ್ಲ ನೋಡಿಯೇ ಬೆಳೆದವರು ನಾವು. ಕೊಡಗಿನಲ್ಲಂತೂ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆಯೇ ಇದೆ. ಆದರೆ ಅದು ಉದ್ದ ನಳಿಗೆಯ, ಎಲ್ಲರ ಕಣ್ಣಿಗೆ ಕಾಣುವ ಕೋವಿ. ತೋಟಾ ತುಂಬಿಸಿ ಸೊಂಟದಲ್ಲಿ ಬಚ್ಚಿಟ್ಟುಕೊಂಡು ಮಗುವನ್ನು ಎತ್ತಿಕೊಂಡು ಅಂಗಡಿಗೆ ಹೋಗೋದು ಬೇರೆಯೇ ವಿಷಯ. ಅದನ್ನು ಊರಿನ ಯಾರೂ ನಮಗೆ ಕಲಿಸಿಲ್ಲ.

ಈಗ ವೀಸಾ ವಿಚಾರ. ಎಚ್-1ಬಿ, ಎಲ್-1, ಎಫ್-1, ಎಚ್-4 ಥರದ ತಾತ್ಕಾಲಿಕ ವೀಸಾ ಮೇಲೆ ಇರುವವರು ಗನ್ ಆಗಲಿ ಗುಂಡಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ರಾಜ್ಯ ಎಷ್ಟೇ ಸಡಿಲ ಇದ್ದರೂ ಇದು ಬದಲಾಗಲ್ಲ. "ಬೇಟೆ ಲೈಸೆನ್ಸ್ ಮಾಡಿಸಿದರೆ ಆಯ್ತು" ಅಂತ ಒಬ್ಬರು ಬರೆದಿದ್ದರು. ಆ ವಿನಾಯಿತಿ ಕಾನೂನಿನಲ್ಲಿ ಇರೋದು ನಿಜವೇ. ಆದರೂ ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಂತವರು ವಲಸೆ ವಕೀಲರನ್ನು ಕೇಳದೆ ಆ ದಾರಿಗೆ ಹೋಗಬೇಡಿ. ಕಾರ್ಡ್ ಬಂದ ಮೇಲೆ ಕೊಳ್ಳಬಹುದು. ಅಂಗಡಿಯಲ್ಲಿ ಪಿಸ್ತೂಲಿಗೆ 21 ವರ್ಷ ಆಗಿರಬೇಕು, 4473 ಅನ್ನೋ ಫಾರಂ ತುಂಬಬೇಕು, ಅವರು ಹಿನ್ನೆಲೆ ಪರಿಶೀಲನೆ ಮಾಡ್ತಾರೆ. ಆ ಫಾರಂನಲ್ಲಿ ನಿಜವಾದ ಖರೀದಿದಾರ ನೀನೇನಾ ಅಂತ ಕೇಳ್ತಾರೆ. ಕಾರ್ಡ್ ಬಾರದ ಗೆಳೆಯನಿಗಾಗಿ ನೀವು ಕೊಂಡುಕೊಟ್ಟರೆ ಅದು ಅಪರಾಧ. ಇನ್ನೊಂದು ನೆನಪಿಡಿ: ಸಿಟಿಜನ್ ಆಗುವ ತನಕ, ಬಂದೂಕಿಗೆ ಸಂಬಂಧಿಸಿದ ಅಪರಾಧದಲ್ಲಿ ಶಿಕ್ಷೆಯಾದರೆ ಗಡೀಪಾರಿಗೂ ಅದೇ ಕಾರಣ ಆಗಬಹುದು. ಇಲ್ಲಿ ಹುಟ್ಟಿದ ಪಕ್ಕದ ಮನೆಯವನು ದಂಡ ಕಟ್ಟಿ ಮುಗಿಸುವ ತಪ್ಪಿಗೆ ನಾವು ಮನೆ ಮಾರಿ ವಿಮಾನ ಹತ್ತಬೇಕಾದೀತು.

ಈಗ ದಿನಚರಿಗೆ ಬರೋಣ. ಪಿಸ್ತೂಲಿನ ಅಳತೆ ತೀರ್ಮಾನ ಆಗೋದೇ ಇಲ್ಲಿ.

ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡ್ತೀರಿ. ಶಾಲೆಯ ಸುತ್ತ 1,000 ಅಡಿ ಫೆಡರಲ್ ಕಾನೂನಿನ ಗನ್ ನಿಷೇಧ ವಲಯ. ಶಾಲೆ ಇರುವ ರಾಜ್ಯವೇ ಕೊಟ್ಟ ಲೈಸೆನ್ಸ್ ಇದ್ದವರಿಗೆ ಅಲ್ಲಿ ವಿನಾಯಿತಿ ಇದೆ. ಇಲ್ಲದವರು ಗುಂಡು ತೆಗೆದು, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಟ್ಟಿರಬೇಕು. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ 21 ದಾಟಿದ ಅರ್ಹರಿಗೆ ಲೈಸೆನ್ಸ್ ಬೇಕಿಲ್ಲ ಅಂತ ಆಯ್ತಲ್ಲ, ಅದನ್ನು ನಂಬಿಕೊಂಡು ಶಾಲೆಯ ಡ್ರಾಪ್-ಆಫ್ ಸಾಲಿಗೆ ಹೋಗುವವರನ್ನು ಕಂಡರೆ ನನಗೆ ದಿಗಿಲು. ಲೈಸೆನ್ಸ್ ಮಾಡಿಸಿಕೊಳ್ಳಿ ಮಾರಾಯ್ರೆ. ನಾಲ್ಕರಿಂದ ಆರು ಗಂಟೆಯ ಕ್ಲಾಸು, 3, 7 ಮತ್ತು 15 ಗಜ ದೂರದಿಂದ 50 ಗುಂಡಿನ ಪರೀಕ್ಷೆ, 40 ಡಾಲರ್ ಫೀ. ಬೇರೆ ಎಷ್ಟೋ ರಾಜ್ಯಗಳಲ್ಲಿ ಅದು ನಡೆಯುತ್ತೆ ಕೂಡ. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಲ್ಲಿ ಅದು ನಡೆಯಲ್ಲ. ಅಲ್ಲಿರುವ ಅಕ್ಕನ ಮನೆಗೆ ಕಾರಿನಲ್ಲಿ ಹೋಗುವಾಗ ಇದನ್ನು ಮನೇಲೇ ಬಿಟ್ಟು ಹೋಗಿ.

ಶಾಲೆ ಆದ ಮೇಲೆ ಆಫೀಸು. ನಮ್ಮ ಬಹುಪಾಲು ಐಟಿ ಕಂಪನಿಗಳು ಕಟ್ಟಡದೊಳಗೆ ಬಿಡಲ್ಲ. ಬೀಗ ಹಾಕಿದ ಕಾರಿನಲ್ಲಿ ಇಡಲು ಟೆಕ್ಸಸ್ ಕಾನೂನು ಅವಕಾಶ ಕೊಡುತ್ತೆ. ಸಂಜೆ ಮಗಳ ಈಜು, ಮಗನ ಕರಾಟೆ. ವಾರಾಂತ್ಯಕ್ಕೆ ದೇವಸ್ಥಾನ. ಬಾಗಿಲಲ್ಲಿ 30.06 ಅಂತ ಟೆಕ್ಸಸ್ ಕಾನೂನಿನ ಸೆಕ್ಷನ್ ನಂಬರಿನ ಬೋರ್ಡ್ ಇದ್ದರೆ ಮುಚ್ಚಿಟ್ಟುಕೊಂಡೂ ಒಳಗೆ ಹೋಗುವಂತಿಲ್ಲ, 30.07 ಇದ್ದರೆ ಹೊರಗೆ ಕಾಣುವ ಹಾಗೆ ಒಯ್ಯುವಂತಿಲ್ಲ. ಇನ್ನು ನಮ್ಮ ಯುಗಾದಿ, ರಾಜ್ಯೋತ್ಸವ ಎಷ್ಟೋ ಸಲ ನಡೆಯೋದು ಬಾಡಿಗೆಗೆ ಹಿಡಿದ ಹೈಸ್ಕೂಲ್ ಆಡಿಟೋರಿಯಂನಲ್ಲಿ. ಶಾಲೆಯ ಕಟ್ಟಡದೊಳಗೆ ಲೈಸೆನ್ಸ್ ಇದ್ದವರಿಗೂ ಪ್ರವೇಶವಿಲ್ಲ. ಕನ್ನಡ ಕಲಿ ಕ್ಲಾಸು ಶಾಲೆಯಲ್ಲಿ ನಡೆದರೆ ಅಲ್ಲಿಯೂ ಅಷ್ಟೇ.

ಲೆಕ್ಕ ಹಾಕಿ ನೋಡಿ. ನಮ್ಮಂಥವರ ವಾರದಲ್ಲಿ ಪಿಸ್ತೂಲು ಸೊಂಟದ ಮೇಲೆ ಇರೋದು ಕೆಲವೇ ಗಂಟೆ, ಉಳಿದ ಹೊತ್ತೆಲ್ಲ ಪೆಟ್ಟಿಗೆಯಲ್ಲಿ. ಪ್ರತಿ ನಿಲುಗಡೆಯಲ್ಲೂ ತೆಗೆದು ಕಾರಿನಲ್ಲಿಟ್ಟು ಮತ್ತೆ ಹಾಕಿಕೊಳ್ಳೋ ಆಟ ಶುರುವಾದರೆ ಎರಡು ಅಪಾಯ. ತೆಗೆದು ಇಡುವ ಹೊತ್ತಿನಲ್ಲೇ ಕೈತಪ್ಪಿ ಗುಂಡು ಹಾರೋದು ಒಂದು, ಕಾರಿನ ಗಾಜು ಒಡೆದು ಕಳ್ಳರು ಒಯ್ಯೋದು ಇನ್ನೊಂದು. ಕಾರಿನಲ್ಲಿ ಇಡಲೇಬೇಕು ಅಂದರೆ ಸೀಟಿನ ಚೌಕಟ್ಟಿಗೆ ಕೇಬಲ್ ಹಾಕಿ ಬಿಗಿದ ಸ್ಟೀಲ್ ಪೆಟ್ಟಿಗೆ ಬೇಕು. ಗ್ಲೋವ್ ಬಾಕ್ಸ್ ಅಲ್ಲ.

ಇಷ್ಟೆಲ್ಲ ಆದ ಮೇಲೂ ಬೇಕು ಅನಿಸಿದರೆ ಅಳತೆ ನೋಡೋಣ. ಎಲ್ಲರೂ ಮೊದಲು ಹುಡುಕೋದು ಜೇಬಿಗೆ ಹಿಡಿಯುವಷ್ಟು ಸಣ್ಣದನ್ನು. ರೂಗರ್ ಎಲ್‌ಸಿಪಿ ಮ್ಯಾಕ್ಸ್ ಅಂಥದ್ದು. .380 ಕ್ಯಾಲಿಬರ್ (ಗುಂಡಿನ ಅಳತೆ), ಮ್ಯಾಗಜೀನ್‌ನಲ್ಲಿ 10 ಗುಂಡು, ಖಾಲಿ ಇದ್ದಾಗ ಸುಮಾರು 300 ಗ್ರಾಂ. ಇಟ್ಟುಕೊಂಡದ್ದೇ ಗೊತ್ತಾಗಲ್ಲ, ಬೆಲೆಯೂ ನಿಮ್ಮ ಬಜೆಟ್ಟಿಗೆ ಕೂರುತ್ತೆ. ಆದರೆ ಹೊಸಬರಿಗೆ ನಾನು ಇದನ್ನು ಹೇಳಲ್ಲ. ಪಿಸ್ತೂಲು ಹಗುರವಾದಷ್ಟೂ ಕೈಗೆ ಬೀಳುವ ಒದೆತ ಜೋರು. ಹಿಡಿಕೆ ಗಿಡ್ಡ, ಕಿರುಬೆರಳಿಗೆ ಜಾಗವಿಲ್ಲ. ಒಂದು ಬಾಕ್ಸ್ ಗುಂಡು ಹೊಡೆಯೋದರಲ್ಲಿ ಕೈ ನೊಂದು, ಅಭ್ಯಾಸವೇ ಬೇಡ ಅನಿಸಿಬಿಡುತ್ತೆ. ಅಭ್ಯಾಸ ಇಲ್ಲದವನ ಸೊಂಟದಲ್ಲಿ ಪಿಸ್ತೂಲು ಇದ್ದರೆ ಅವನ ಮಕ್ಕಳಿಗೇ ಅಪಾಯ.

ಅದಕ್ಕೆ ಒಂದು ಮೆಟ್ಟಿಲು ಮೇಲಿನದು ನೋಡಿ, 9 ಎಂಎಂ. 2018ರಲ್ಲಿ ಸಿಗ್ ಪಿ365 ಬಂದ ಮೇಲೆ ಈ ಪೇಟೆಯೇ ಬದಲಾಯ್ತು. ಅಂಗೈ ಅಗಲದ ಪಿಸ್ತೂಲಿನಲ್ಲಿ 10 ಗುಂಡು ಕೂರಿಸಿದರು, ಮಿಕ್ಕ ಕಂಪನಿಗಳು ಹಿಂದೆ ಬಿದ್ದವು. 2019ರಲ್ಲಿ ಸ್ಪ್ರಿಂಗ್‌ಫೀಲ್ಡ್ ಹೆಲ್‌ಕ್ಯಾಟ್ ಮತ್ತು ಗ್ಲಾಕ್ 43ಎಕ್ಸ್, 2021ರಲ್ಲಿ ಸ್ಮಿತ್ ಅಂಡ್ ವೆಸ್ಸನ್ ಶೀಲ್ಡ್ ಪ್ಲಸ್, ರೂಗರ್ ಮ್ಯಾಕ್ಸ್-9, ಟಾರಸ್ ಜಿಎಕ್ಸ್4. ಇವುಗಳಲ್ಲಿ ಪಿ365 ಸಾಮಾನ್ಯವಾಗಿ 500 ಡಾಲರ್ ಮೇಲೆ. ಮ್ಯಾಕ್ಸ್-9 ಮತ್ತು ಜಿಎಕ್ಸ್4 ನಿಮ್ಮ 400ರ ಒಳಗೋ ಆಸುಪಾಸಿನಲ್ಲೋ ಸಿಗುತ್ತವೆ. ಇನ್ನೂ ಅಗ್ಗ ಬೇಕೆಂದರೆ ಟಾರಸ್ ಜಿ3ಸಿ 300ರ ಸುತ್ತಮುತ್ತ. ಸ್ವಲ್ಪ ದಪ್ಪ, 12 ಗುಂಡು, ಹೊಸಬರ ಕೈಗೆ ಚೆನ್ನಾಗಿ ಕೂರುತ್ತೆ. ಟಾರಸ್ ಅಂದರೆ ಮೂಗು ಮುರಿಯುವವರಿಗೆ ಕಾರಣ ಇಲ್ಲದಿಲ್ಲ. ಆ ಬ್ರೆಜಿಲ್ ಕಂಪನಿಯ ಹಳೆಯ ಪಿಟಿ-111 ಮಿಲೇನಿಯಂ ಮುಂತಾದ ಮಾಡೆಲ್‌ಗಳು ಕೆಳಗೆ ಬಿದ್ದರೆ ಗುಂಡು ಹಾರಬಹುದು ಅನ್ನೋ ದೂರಿನ ಮೇಲೆ ಕೋರ್ಟಿನಲ್ಲಿ ರಾಜಿಯಾಗಿತ್ತು. ಜಿ3ಸಿ ಅದಾದ ಮೇಲೆ ಬಂದದ್ದು. ಹಳೆಯದನ್ನು ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ, ಅಷ್ಟೇ.

ನನ್ನ ಆಯ್ಕೆ ಕೇಳಿದರೆ ಶೀಲ್ಡ್ ಪ್ಲಸ್. ಟ್ರಿಗರ್ ಚೆನ್ನಾಗಿದೆ, ಸಣ್ಣ ಮ್ಯಾಗಜೀನಿಗೆ 10, ಉದ್ದದ್ದಕ್ಕೆ 13. ಹಣ ಸಾಲದಿದ್ದರೆ 2012ರಲ್ಲಿ ಬಂದ ಮೊದಲ ಶೀಲ್ಡ್ ಅನ್ನೇ ಸೆಕೆಂಡ್ ಹ್ಯಾಂಡ್ ನೋಡಿ. 7 ಅಥವಾ 8 ಗುಂಡು ಮಾತ್ರ, ಇರಲಿ ಬಿಡಿ. ಮಾರಿಹೋದದ್ದು ಲೆಕ್ಕವಿಲ್ಲದಷ್ಟು, ಹಾಗಾಗಿ ಪಿಸ್ತೂಲು ಸಿಕ್ಕಿಸುವ ಒರೆ, ಅಂದರೆ ಹೋಲ್‌ಸ್ಟರ್ ಎಲ್ಲಿ ಬೇಕಾದರೂ ಸಿಗುತ್ತೆ. ಹೆಂಡತಿಯೂ ಅದನ್ನೇ ಬಳಸುತ್ತಾರಾದರೆ ಅವರನ್ನು ಅಂಗಡಿಗೆ ಕರೆದುಕೊಂಡು ಹೋಗಿ ಅವರ ಕೈಯಲ್ಲೇ ಸ್ಲೈಡ್ (ಹಿಂದಕ್ಕೆ ಎಳೆಯುವ ಮೇಲಿನ ಭಾಗ) ಎಳೆಸಿ. ಸಣ್ಣ ಪಿಸ್ತೂಲುಗಳ ಸ್ಪ್ರಿಂಗ್ ಬಹಳ ಬಿಗಿ. ಎಳೆಯಲು ಕಷ್ಟವಾದರೆ ಶೀಲ್ಡ್ ಇಝಡ್ (EZ) ಅಂತ ಇದೆ, ಅದು ಇದಕ್ಕಾಗಿಯೇ ಮಾಡಿದ್ದು. ಅಂಗಡಿಯವನು "ಲೇಡೀಸ್‌ಗೆ ಇದು ಸರಿ" ಅಂತ ಐದು ಗುಂಡಿನ ಪುಟ್ಟ ರಿವಾಲ್ವರ್ ತೋರಿಸಿದರೆ ನಕ್ಕು ಮುಂದೆ ಹೋಗಿ. ಅದರ ಟ್ರಿಗರ್ ಭಾರ, ಒದೆತವೂ ಜೋರು, ಪಳಗಿದವರಿಗೇ ಕಷ್ಟ. ಕೊಳ್ಳುವ ಮೊದಲು ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡು ಎರಡು ಮೂರು ಮಾಡೆಲ್ ಹೊಡೆದು ನೋಡಿ.

ಬಟ್ಟೆ ವಿಚಾರ ಗಂಡಸರು ಯಾರೂ ಬರೆಯಲ್ಲ. ಪ್ಯಾಂಟು ಬೆಲ್ಟು ಇದ್ದವರಿಗೆ ಸೊಂಟದೊಳಗೆ ಸೇರಿಸುವ ಕೈಡೆಕ್ಸ್ (ಗಟ್ಟಿ ಪ್ಲಾಸ್ಟಿಕ್) ಹೋಲ್‌ಸ್ಟರ್ ಸಾಕು. ಟ್ರಿಗರ್ ಪೂರ್ತಿ ಮುಚ್ಚುವಂಥದ್ದು, ಆ ಮಾಡೆಲ್‌ಗೆಂದೇ ಅಚ್ಚು ಹಾಕಿದ್ದು ಇರಬೇಕು. ಲೆಗ್ಗಿಂಗ್ಸ್ ಮೇಲೆ ಕುರ್ತಾ ಹಾಕುವ ನಮಗೆ ಹೊಟ್ಟೆಪಟ್ಟಿ (ಹೊಟ್ಟೆಗೆ ಸುತ್ತಿ ಪಿಸ್ತೂಲು ಸಿಕ್ಕಿಸುವ ಅಗಲ ಪಟ್ಟಿ) ಒಂದೇ ದಾರಿ. ಅದರಲ್ಲೂ ಟ್ರಿಗರ್ ಮುಚ್ಚುವ ಗಟ್ಟಿ ಕವಚ ಇರೋದನ್ನೇ ಆರಿಸಿ. ಸೀರೆ ಉಟ್ಟ ದಿನ ನಾನು ಒಯ್ಯೋದೇ ಇಲ್ಲ. ಸಮಾರಂಭದಲ್ಲಿ ಹತ್ತು ಜನ ತಬ್ಬಿಕೊಳ್ತಾರೆ, ಮಕ್ಕಳು ಮೇಲೆ ಹತ್ತುತ್ತವೆ.

ವ್ಯಾನಿಟಿ ಬ್ಯಾಗಿನಲ್ಲಿ ಇಡೋದು ಮಾತ್ರ ಬೇಡವೇ ಬೇಡ. 2014ರ ಡಿಸೆಂಬರ್‌ನಲ್ಲಿ ಐಡಾಹೋದ ಹೇಡನ್ ಎಂಬಲ್ಲಿ ವಾಲ್‌ಮಾರ್ಟ್ ಒಳಗೆ, ಎರಡು ವರ್ಷದ ಮಗು ಅಮ್ಮನ ಬ್ಯಾಗಿಗೆ ಕೈ ಹಾಕಿತು. ಗುಂಡು ಹಾರಿ ಆಕೆ ಅಲ್ಲೇ ತೀರಿಕೊಂಡಳು. ಅದು ಪಿಸ್ತೂಲಿಗೆಂದೇ ಜಿಪ್ ಜೇಬು ಇರುವಂತೆ ಮಾಡಿದ ಬ್ಯಾಗು. ಆಕೆ ಲೈಸೆನ್ಸ್ ಇದ್ದವಳು, ಬಳಸಿ ಗೊತ್ತಿದ್ದವಳು.

ಹಾಗಾಗಿ 400 ಡಾಲರ್ ಅನ್ನೋ ಲೆಕ್ಕವೇ ಅರ್ಧದ್ದು. ಹೋಲ್‌ಸ್ಟರ್‌ಗೆ 50ರಿಂದ 80, ಗಟ್ಟಿ ಬೆಲ್ಟು, ಕ್ಲಾಸಿನ ಫೀ, ಅಭ್ಯಾಸಕ್ಕೆ ಮಾಮೂಲಿ ಗುಂಡು ಕೆಲವು ನೂರು, ಒಯ್ಯಲು ಹಾಲೋ ಪಾಯಿಂಟ್ (ತುದಿ ಟೊಳ್ಳಾದ ಗುಂಡು) ಒಂದೆರಡು ಬಾಕ್ಸ್, ಮನೆಗೊಂದು ಸೇಫು, ಕಾರಿಗೊಂದು ಪೆಟ್ಟಿಗೆ. ಪಿಸ್ತೂಲಿನಷ್ಟೇ ಹಣ ಇವಕ್ಕೂ ಬೇಕು. ಸೇಫಿಗೆ ದುಡ್ಡಿಲ್ಲ ಅನ್ನೋ ತಿಂಗಳು ಪಿಸ್ತೂಲು ಕೊಳ್ಳುವ ತಿಂಗಳಲ್ಲ.

ಸೇಫಿನಲ್ಲೂ ಬೆರಳಚ್ಚಿನದ್ದನ್ನು ಕಣ್ಣುಮುಚ್ಚಿ ನಂಬಬೇಡಿ. 2023ರ ಅಕ್ಟೋಬರ್‌ನಲ್ಲಿ ಸುಮಾರು 61,000 ಬೆರಳಚ್ಚು ಸೇಫ್‌ಗಳನ್ನು ಮಾರುಕಟ್ಟೆಯಿಂದ ವಾಪಸ್ ಕರೆಸಿದರು. ನೋಂದಣಿ ಆಗದ ಬೆರಳಿಗೂ ಅವು ತೆರೆಯುತ್ತಿದ್ದವು, 12 ವರ್ಷದ ಹುಡುಗನೊಬ್ಬ ಸತ್ತದ್ದೂ ವರದಿಯಾಗಿತ್ತು. ನಾವು ಬಟನ್ ಒತ್ತುವ ಕೋಡ್ ಇರೋದನ್ನು ಗೋಡೆಯೊಳಗಿನ ಮರದ ಕಂಬಕ್ಕೆ ಬೋಲ್ಟ್ ಹಾಕಿಸಿದ್ದೀವಿ. ಕೋಡ್ ಮಕ್ಕಳ ಹುಟ್ಟಿದ ದಿನ ಅಲ್ಲ, ಮನೆ ನಂಬರೂ ಅಲ್ಲ. ಊರಿಂದ ಅಜ್ಜ ಅಜ್ಜಿ ಬಂದು ಆರು ತಿಂಗಳು ಇರುವಾಗ ಆ ಕೋಣೆಯ ಕಪಾಟನ್ನು ಅವರು ಚೊಕ್ಕ ಮಾಡಲು ಹೋಗ್ತಾರೆ, ಅದನ್ನೂ ಯೋಚಿಸಿ ಜಾಗ ಆರಿಸಿ. ಟೆಕ್ಸಸ್‌ನಲ್ಲಿ 17ರೊಳಗಿನ ಮಗುವಿನ ಕೈಗೆ ಗುಂಡು ತುಂಬಿದ ಗನ್ ಸಿಗುವಂತೆ ಅಜಾಗರೂಕವಾಗಿ ಇಟ್ಟು, ಮಗುವಿಗೆ ಅದು ಸಿಕ್ಕಿಬಿಟ್ಟರೆ ಇಟ್ಟವರದ್ದು ಅಪರಾಧ.

ಚಿಕ್ಕ ಮಕ್ಕಳ ಬಗ್ಗೆ ಎಲ್ಲರೂ ಯೋಚಿಸ್ತಾರೆ. ನನಗೆ ಹೆಚ್ಚು ಚಿಂತೆ ಹದಿನಾಲ್ಕು ಹದಿನೈದರವರದ್ದು. ಈ ದೇಶದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ನಮ್ಮ ಮನೆಗಳಲ್ಲಿ ಮಾರ್ಕ್ಸು, ಕಾಲೇಜು ಅಂತ ಎಷ್ಟು ಒತ್ತಡ ಹಾಕ್ತೀವಿ ಅನ್ನೋದು ನಮಗೇ ಗೊತ್ತು, ಮನಸ್ಸಿನ ಮಾತು ಮಾತ್ರ ಊಟದ ಮೇಜಿಗೆ ಬರಲ್ಲ. ಮನೆಯಲ್ಲಿ ಮಗುವೋ ದೊಡ್ಡವರೋ ಯಾರಾದರೂ ಮಂಕಾಗಿದ್ದಾರೆ ಅನಿಸಿದರೆ ಸೇಫು ಇದೆಯಲ್ಲ ಅಂತ ಸುಮ್ಮನಿರಬೇಡಿ, ಗನ್ನನ್ನು ಮನೆಯಿಂದಲೇ ಆಚೆ ಸಾಗಿಸಿ. ಕೆಲವು ಗನ್ ಅಂಗಡಿಗಳು, ರೇಂಜ್‌ಗಳು ಇಟ್ಟುಕೊಳ್ತಾರೆ. ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ಹಾಗೇ ಮಗುವನ್ನು ಬೇರೆಯವರ ಮನೆಗೆ ಆಡಲು ಕಳಿಸುವಾಗ "ಮನೇಲಿ ಗನ್ ಇದೆಯಾ, ಬೀಗ ಹಾಕಿದೆಯಾ" ಅಂತ ಕೇಳಿಬಿಡಿ. ಸಂಕೋಚ ಆಗುತ್ತೆ, ನಿಜ. ನಾನು ಕಡಲೆಕಾಯಿ ಅಲರ್ಜಿ ಕೇಳುವ ಉಸಿರಿನಲ್ಲೇ ಇದನ್ನೂ ಕೇಳಿಬಿಡ್ತೀನಿ. ಇಲ್ಲಿಯ ಅಮ್ಮಂದಿರು ಯಾರೂ ಬೇಜಾರು ಮಾಡಿಕೊಂಡಿಲ್ಲ. ನಮ್ಮವರೇ ಸ್ವಲ್ಪ ಮುಖ ಸಣ್ಣ ಮಾಡ್ತಾರೆ.

ಕೊನೆಗೆ ಊರಿಗೆ ಹೋಗುವವರಿಗೆ. ರೇಂಜ್‌ಗೆ ಒಯ್ಯುವ ಬ್ಯಾಗು, ಜಾಕೆಟ್ಟು ಬೇರೆ ಯಾವುದಕ್ಕೂ ಬಳಸಬೇಡಿ. ಮೂಲೆಯಲ್ಲಿ ಉಳಿದ ಒಂದೇ ಒಂದು ಗುಂಡು ಬೆಂಗಳೂರು ಏರ್‌ಪೋರ್ಟ್ ಸ್ಕ್ಯಾನರ್‌ನಲ್ಲಿ ಕಂಡರೆ ಶಸ್ತ್ರಾಸ್ತ್ರ ಕಾಯ್ದೆ ಅಡಿ ಕೇಸು. ಗೊತ್ತಿಲ್ಲದೆ ಉಳಿದದ್ದು ಅಂತ ಹೈಕೋರ್ಟುಗಳು ಇಂಥ ಎಷ್ಟೋ ಕೇಸು ರದ್ದು ಮಾಡಿವೆ, ಆದರೆ ಅಲ್ಲಿಯವರೆಗೆ ಪಾಸ್‌ಪೋರ್ಟು, ರಜೆ, ಕೆಲಸ ಎಲ್ಲಾ ತೂಗುಯ್ಯಾಲೆ. ಅದರ ಮೇಲೆ 9 ಎಂಎಂ ಅಲ್ಲಿ ಜನಸಾಮಾನ್ಯರಿಗೆ ನಿಷೇಧಿತ ಬೋರ್ (ನಳಿಗೆಯ ಅಳತೆ). ಇಲ್ಲಿ ವಾಲ್‌ಮಾರ್ಟ್‌ನವರೇ 2019ರವರೆಗೆ ಅದರ ಗುಂಡು ಮಾರುತ್ತಿದ್ದರು ಅಂತ ಅಲ್ಲಿಯ ಇನ್‌ಸ್ಪೆಕ್ಟರಿಗೆ ವಿವರಿಸೋದು ಕಷ್ಟ.

ತಮ್ಮಾ, ನಿಮಗೂ ನಿಮ್ಮ ಮನೆಯವರಿಗೂ ಇಬ್ಬರಿಗೂ ಕಾರ್ಡ್ ಬಂದಿದ್ದರೆ ಕೆಳಗೆ ತಿಳಿಸಿ, ಒಂದು ಶನಿವಾರ ರೇಂಜ್‌ನಲ್ಲಿ ಸಿಗೋಣ. ಶೀಲ್ಡ್ ಪ್ಲಸ್, ಇಝಡ್ ಎರಡೂ ತರ್ತೀನಿ, ಹೊಡೆದು ನೋಡಿ. ಮಕ್ಕಳನ್ನು ಯಾರ ಮನೇಲಾದರೂ ಬಿಟ್ಟು ಬನ್ನಿ, ಆ ಸದ್ದು ಸಣ್ಣವರ ಕಿವಿಗಲ್ಲ.