ರಭಸದ ನದಿಯ ಕ್ಯಾನೋದ ಒಳಜೋಡಣೆ: ಪೀಠ, ತೊಡೆಪಟ್ಟಿ, ಪಾದದ ಆಧಾರಗಳನ್ನು ನನ್ನ ಅಳತೆಗೆ ಹೊಂದಿಸುವುದು ಹೇಗೆ?

ಹೊಳೆದಂಡೆ (ಷಾರ್ಲೆಟ್, ನಾರ್ತ್ ಕ್ಯಾರೊಲಿನಾ):

ಎಲ್ಲರಿಗೂ ನಮಸ್ಕಾರ. ಕಳೆದ ಚಳಿಗಾಲದಲ್ಲಿ ಹಳೆಯ ಡ್ಯಾಗರ್ ಒಕೋಯಿ ಕ್ಯಾನೋ ಒಂದನ್ನು ಕೊಂಡೆ. ಒಬ್ಬರೇ ಮಂಡಿಯೂರಿ ಕುಳಿತು ನಡೆಸುವ, ಸುಮಾರು 11 ಅಡಿ ಉದ್ದದ, ರಾಯಲೆಕ್ಸ್ ಎಂಬ ಹಲವು ಪದರಗಳ ಪ್ಲಾಸ್ಟಿಕ್ ಹಾಳೆಯಿಂದ ಮಾಡಿದ ದೋಣಿ ಇದು. ಹೊರಮೈ ಗಟ್ಟಿಯಾಗಿದೆ. ತೊಂದರೆ ಇರುವುದು ಒಳಗಿನ ಜೋಡಣೆಯಲ್ಲಿ. ಹಿಂದಿನ ಒಡೆಯರು ಆರು ಅಡಿಗೂ ಮೀರಿದ ಎತ್ತರದವರಾಗಿದ್ದು, ತಮ್ಮ ಮೈಯ ಭಾರ ಕೆಳಗಿರಲಿ ಎಂದು ಫೋಮ್ ಪೀಠವನ್ನು 7 ಇಂಚಿಗೆ ಕತ್ತರಿಸಿದ್ದಾರೆ. ಪಾದದ ಆಧಾರಗಳನ್ನೂ ತಮ್ಮ ಕಾಲಿನ ಉದ್ದಕ್ಕೆ ತಕ್ಕಂತೆ ತೀರ ಹಿಂದೆ ಕೂರಿಸಿದ್ದಾರೆ. ನನ್ನ ಎತ್ತರ 5 ಅಡಿ 5 ಇಂಚು, ತೂಕ 68 ಕಿಲೋ. ನನ್ನ ಬೆರಳುಗಳು ಆ ಆಧಾರಗಳನ್ನು ಮುಟ್ಟುವುದೇ ಇಲ್ಲ.

ಹೀಗಾಗಿ ಮೈಗೂ ದೋಣಿಗೂ ಇರಬೇಕಾದ ಹಿಡಿತವನ್ನೆಲ್ಲ ತೊಡೆಪಟ್ಟಿಗಳಿಂದಲೇ ಪಡೆಯಲು ಹೋಗಿ, ಅವನ್ನು ಬಹಳ ಬಿಗಿಯಾಗಿ ಎಳೆದು ಕಟ್ಟಿಕೊಳ್ಳುತ್ತಿದ್ದೆ. ಇಪ್ಪತ್ತು ನಿಮಿಷದೊಳಗೆ ಪಾದಗಳು ಜೋಮು ಹಿಡಿಯುತ್ತವೆ, ಮಂಡಿಗಳು ಚಪ್ಪಟೆ ಮೆತ್ತೆಯ ಮೇಲೆ ಒಳಕ್ಕೆ ಜಾರುತ್ತವೆ. ಎರಡು ವಾರದ ಹಿಂದೆ ನಾಂಟಹಾಲಾ ನದಿಯಲ್ಲಿ ಒಂದು ಬಂಡೆಯ ಹಿಂದಿನ ಮರುಹರಿವಿಗೆ ತಿರುಗುವಾಗ ದೋಣಿ ಮಗುಚಿತು. ಅಣೆಕಟ್ಟಿನ ತಳದಿಂದ ಬರುವ ಆ ನೀರು ಬೇಸಿಗೆಯಲ್ಲೂ ಹತ್ತು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆ ತಣ್ಣೀರಿನಲ್ಲಿ ತಲೆಕೆಳಗಾಗಿ ಬಕಲ್ ಹುಡುಕುವುದಕ್ಕೆ ನನಗೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಹೊರಬಂದೆನಾದರೂ ಅಂದಿನಿಂದ ಮತ್ತೆ ನೀರಿಗಿಳಿದಿಲ್ಲ.

ಎಲ್ಲವನ್ನೂ ಕಿತ್ತು ಹೊಸದಾಗಿ ಜೋಡಿಸಬೇಕೆಂದಿದ್ದೇನೆ. ಯಾವ ಕ್ರಮದಲ್ಲಿ ಮಾಡಬೇಕು? ಪೀಠದ ಎತ್ತರ ಎಷ್ಟಿರಬೇಕು, ಅದನ್ನು ಎಲ್ಲಿ ಕೂರಿಸಬೇಕು, ಯಾವ ಅಂಟು ಬಳಸಬೇಕು? ತೊಡೆಪಟ್ಟಿಗಳನ್ನು ಪೂರ್ತಿ ತೆಗೆದುಹಾಕುವುದೇ ಒಳ್ಳೆಯದೇ?

ಕಾಡುಹಾದಿ (ಚಾಟನೂಗ, ಟೆನೆಸಿ):

ತಾವು ಸುರಕ್ಷಿತವಾಗಿ ಹೊರಬಂದದ್ದು ಸಮಾಧಾನದ ಸಂಗತಿ. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದುದೆಲ್ಲ ಅದರಿಂದಲೇ ತೀರ್ಮಾನವಾಗುತ್ತದೆ. ಪಟ್ಟಿಗಳನ್ನು ತೆಗೆಯಬೇಡಿ. ಆದರೆ ಹಿಡಿತ ಪಟ್ಟಿಯಿಂದ ಬರಬಾರದು, ಪಾದದಿಂದ ಬರಬೇಕು. ಸರಿಯಾಗಿ ಜೋಡಿಸಿದ ಕ್ಯಾನೋದಲ್ಲಿ ನೀವು ಸುಮ್ಮನೆ ಕುಳಿತಿರುವಾಗ ಪಟ್ಟಿಗಳು ತೊಡೆಯ ಮೇಲೆ ಹಗುರವಾಗಿ ಮಲಗಿರುತ್ತವೆ. ಕಾಲ್ಬೆರಳ ಬುಡದಿಂದ ಹಿಂದಿನ ಆಧಾರವನ್ನು ಒತ್ತಿದಾಗ ಮಂಡಿಗಳು ಮುಂದಕ್ಕೆ ಸರಿದು, ತೊಡೆಗಳು ಪಟ್ಟಿಗೆ ಆತು, ಇಡೀ ದೋಣಿ ಸೊಂಟಕ್ಕೆ ಕಟ್ಟಿದಂತಾಗುತ್ತದೆ. ಒತ್ತುವುದನ್ನು ಬಿಟ್ಟೊಡನೆ ಪಟ್ಟಿ ಸಡಿಲವಾಗಿ, ಬಕಲ್ ಮುಟ್ಟದೆಯೇ ಮಂಡಿಗಳನ್ನು ಹೊರಗೆ ಎಳೆದುಕೊಳ್ಳಬಹುದು. ನಿಮ್ಮ ಪಾದಕ್ಕೆ ಆಧಾರ ಸಿಗದ ಕಾರಣ ಪಟ್ಟಿಯನ್ನು ಬಿಗಿದಿರಿ, ಬಿಗಿದ ಕಾರಣ ಅದು ನಿಮ್ಮನ್ನು ಬಿಡಲಿಲ್ಲ.

ಆದ್ದರಿಂದ ಕೆಲಸವನ್ನು ಪಟ್ಟಿಯಿಂದ ಆರಂಭಿಸಬೇಡಿ. ಮೊದಲು ಪೀಠ, ನಂತರ ಮಂಡಿಯ ಮೆತ್ತೆ, ನಂತರ ಪಾದದ ಆಧಾರ, ಎಲ್ಲಕ್ಕಿಂತ ಕೊನೆಗೆ ಪಟ್ಟಿ. ಮಂಡಿ ಎಲ್ಲಿ ಊರುತ್ತದೆ ಎಂಬುದನ್ನು ಪೀಠ ನಿರ್ಧರಿಸುತ್ತದೆ, ಪಾದ ಎಲ್ಲಿಗೆ ತಲುಪುತ್ತದೆ ಎಂಬುದನ್ನು ಮಂಡಿ ನಿರ್ಧರಿಸುತ್ತದೆ. ಈ ಮೂರೂ ನೆಲೆಗೊಳ್ಳುವವರೆಗೆ ಪಟ್ಟಿಯ ಜಾಗವನ್ನು ಗುರುತಿಸುವುದು ಸಾಧ್ಯವೇ ಇಲ್ಲ.

ಪೀಠವನ್ನು ಮಿನಿಸೆಲ್ ಎಂಬ, ನೀರು ಹೀರದ ಮುಚ್ಚಿದ ರಂಧ್ರಗಳ ಫೋಮ್‌ನಿಂದ ಮಾಡುತ್ತಾರೆ. ಹಳೆಯದರ ಕೆಳಗೆ ಒಂದು ಇಂಚು, ಎರಡು ಇಂಚು ದಪ್ಪದ ಹಾಳೆಗಳನ್ನು ಅಂಟಿಸದೆ ಇಟ್ಟು ಎತ್ತರವನ್ನು ಪರೀಕ್ಷಿಸಿ. ನಿಮ್ಮ ಅಳತೆಗೆ 9 ಇಂಚಿನಿಂದ ಆರಂಭಿಸುವುದು ಒಳ್ಳೆಯದೆಂದು ನನಗನಿಸುತ್ತದೆ. ಕೂತಾಗ ಮಂಡಿಗಳು ಸೊಂಟಕ್ಕಿಂತ ಸಾಕಷ್ಟು ಕೆಳಗಿರಬೇಕು, ಎರಡೂ ಮಂಡಿಗಳು ದೋಣಿಯ ತಳವೂ ಬದಿಯೂ ಸೇರುವ ಅಂಚಿನವರೆಗೆ ಅಗಲವಾಗಿ ಚಾಚಿರಬೇಕು. ಎರಡು ಮಂಡಿ, ಒಂದು ಪೀಠ: ಒಲೆಯ ಮೂರು ಗುಂಡುಗಳ ಹಾಗೆ ಭಾರ ಹಂಚಿಹೋಗಬೇಕು, ಅದರಲ್ಲೂ ಹೆಚ್ಚಿನ ಪಾಲು ಪೀಠದ ಮೇಲಿರಬೇಕು.

ಇನ್ನು ಪೀಠದ ಜಾಗ. ಎಷ್ಟೋ ಜನ ಟೇಪು ಹಿಡಿದು ದೋಣಿಯ ನಡುಭಾಗವನ್ನು ಅಳೆದು ಅಂಗಳದಲ್ಲೇ ಅಂಟಿಸಿಬಿಡುತ್ತಾರೆ. ಇದು ಮಾಡಬಾರದ ಕೆಲಸ. ನಿಮ್ಮ ಹೊಕ್ಕುಳು ದೋಣಿಯ ನಡುಗೆರೆಯ ಆಸುಪಾಸಿಗೆ ಬರುವಂತೆ ಪೀಠವನ್ನು ಬರಿದೇ ಇಟ್ಟು, ದೋಣಿಯ ಎರಡು ಬದಿಗಳನ್ನು ಜೋಡಿಸುವ ಅಡ್ಡಪಟ್ಟಿಗೆ ಹಗ್ಗದಿಂದ ಬಿಗಿದು, ನಿಂತ ನೀರಿನ ಕೆರೆಗೆ ಒಯ್ಯಿರಿ. ನದಿಗೆ ತೊಡುವ ಉಡುಪು, ಲೈಫ್ ಜಾಕೆಟ್, ನೀರಿಗೆ ಬಿದ್ದವರಿಗೆ ಎಸೆಯುವ ಹಗ್ಗದ ಚೀಲ, ಕುಡಿಯುವ ನೀರು ಎಲ್ಲವೂ ನಿಮ್ಮ ಜೊತೆಗಿರಲಿ. ಕುಳಿತ ಮೇಲೆ ಒಂದೆರಡು ಲೀಟರ್ ನೀರನ್ನು ದೋಣಿಯೊಳಗೇ ಸುರಿದುಕೊಂಡು ಅದು ಯಾವ ಕಡೆಗೆ ಹರಿಯುತ್ತದೆಂದು ನೋಡಿ. ಮುಂದಕ್ಕೆ ಓಡಿದರೆ ಪೀಠವನ್ನು ಹಿಂದೆ ಸರಿಸಬೇಕು. ನೀರು ನಡುವೆಯೇ ನಿಂತರೆ, ಇಲ್ಲವೇ ಕೂದಲೆಳೆಯಷ್ಟು ಹಿಂದಕ್ಕೆ ಒಲಿದರೆ ಜಾಗ ಸರಿಯಾಗಿದೆ. ಅರ್ಧ ಇಂಚು ಸರಿಸಿದರೂ ದೋಣಿಯ ತಿರುಗುವ ಸ್ವಭಾವ ಬದಲಾಗುವುದು ಕೈಗೆ ತಿಳಿಯುತ್ತದೆ. ಸರಿಯೆನಿಸಿದ ಜಾಗವನ್ನು ಮಾರ್ಕರ್‌ನಿಂದ ಸುತ್ತಲೂ ಗೆರೆ ಎಳೆದು ಗುರುತಿಸಿಕೊಳ್ಳಿ.

ಮಂಡಿಯ ಮೆತ್ತೆ ಚಪ್ಪಟೆಯಾಗಿದ್ದರೆ ಮಂಡಿ ಜಾರುವುದು ಖಚಿತ. ಅದನ್ನು ಬೋಗುಣಿಯ ಹಾಗೆ ತೋಡಿ, ಒಳಬದಿಯಲ್ಲಿ ತುಸು ಎತ್ತರದ ಅಂಚು ಉಳಿಸಿಕೊಳ್ಳಬೇಕು. ಫೋಮ್ ಕತ್ತರಿಸಲು ಹಲ್ಲುಗಳಿರುವ ಉದ್ದನೆಯ ಬ್ರೆಡ್ ಚಾಕು ಸಾಕು, ಆಕಾರ ತಿದ್ದಲು ಒರಟು ಅರ ಅಥವಾ ಸ್ಯಾಂಡ್‌ಪೇಪರ್ ಬಳಸಿ. ತೆಗೆದ ಫೋಮ್ ಮತ್ತೆ ಬಾರದು, ಆದ್ದರಿಂದ ಸ್ವಲ್ಪ ಸ್ವಲ್ಪವೇ ತೆಗೆಯುತ್ತ ಪ್ರತಿ ಸಲವೂ ಕುಳಿತು ನೋಡಿ. ನದಿಗೆ ಹಾಕುವ ಬೂಟನ್ನೇ ಹಾಕಿಕೊಂಡು ಅಳೆಯಿರಿ. ಬರಿಗಾಲಿನಲ್ಲಿ ಪಾದದ ಆಧಾರವನ್ನು ಹೊಂದಿಸಿಕೊಂಡವರು ಬೂಟಿನ ದಪ್ಪದಿಂದಾಗಿ ಕಾಲು ಸಿಕ್ಕಿಸಿಕೊಂಡದ್ದನ್ನು ಒಕೋಯಿ ನದಿಯ ದಡದಲ್ಲಿ ನಾನೇ ಕಂಡಿದ್ದೇನೆ.

ಅಂಗಳದ ತುಳಸಿ (ನ್ಯೂಜೆರ್ಸಿ):

ನಾನು ವೃತ್ತಿಯಿಂದ ಫಿಸಿಯೋಥೆರಪಿಸ್ಟ್, ಕ್ಯಾನೋ ನಡೆಸಿದವಳಲ್ಲ. ಜೋಮಿನ ವಿಷಯವಾಗಿ ಮಾತ್ರ ಎರಡು ಮಾತು ಹೇಳುತ್ತೇನೆ. ನಮ್ಮಲ್ಲಿ ಅನೇಕರು ವಜ್ರಾಸನದ ರೂಢಿಯಿರುವುದರಿಂದ ಮಂಡಿಯೂರಿ ಕೂರುವುದು ತಮಗೆ ಸುಲಭವೆಂದು ಭಾವಿಸುತ್ತಾರೆ. ಆದರೆ ವಜ್ರಾಸನದಲ್ಲಿ ನಾವು ನೆಲದ ಮೇಲೆ ಅಲುಗಾಡದೆ ಕೂತಿರುತ್ತೇವೆ, ಬೇಕೆನಿಸಿದಾಗ ಏಳುತ್ತೇವೆ. ನದಿಯಲ್ಲಿ ಗಂಟೆಗಟ್ಟಲೆ, ತಣ್ಣಗಿನ ನೀರಿನಲ್ಲಿ ನೆನೆದು, ಪ್ರತಿ ಅಲೆಗೂ ಕಾಲು ಒತ್ತುತ್ತ ಕೂರುವುದು ಬೇರೆಯೇ ಆದ ಸಂಗತಿ. ಪೀಠ ತಗ್ಗಾದಷ್ಟೂ ಮಂಡಿ ಹೆಚ್ಚು ಮಡಿಚಿಕೊಂಡು, ಮಂಡಿಯ ಹಿಂಭಾಗದಲ್ಲಿ ನರಗಳ ಮೇಲೂ ರಕ್ತನಾಳಗಳ ಮೇಲೂ ಒತ್ತಡ ಬೀಳುತ್ತದೆ. ಹಾಗಾಗಿ ಎತ್ತರಿಸಬೇಕೆಂಬ ಸಲಹೆ ನನಗೂ ಒಪ್ಪಿಗೆ. ಅದರ ಜೊತೆಗೆ ಕಣಕಾಲಿನ ಮುಂಭಾಗಕ್ಕೂ ದೋಣಿಯ ತಳಕ್ಕೂ ನಡುವೆ ಉಳಿಯುವ ಜಾಗಕ್ಕೆ ಫೋಮ್‌ನ ದುಂಡನೆಯ ತುಂಡೊಂದನ್ನು ಕೊಟ್ಟರೆ ಪಾದ ಪೂರ್ತಿ ಚಾಚಿಕೊಂಡು ನೋಯುವುದು ತಪ್ಪುತ್ತದೆ. ದಡಕ್ಕೆ ಬಂದ ಮೇಲೂ ಬೆರಳುಗಳ ಸ್ಪರ್ಶ ಮರಳದೆ ಹೆಚ್ಚು ಹೊತ್ತು ಉಳಿದರೆ, ಅಥವಾ ಪಾದವನ್ನು ಮೇಲಕ್ಕೆತ್ತಲು ಆಗದಿದ್ದರೆ, ದೋಣಿಯನ್ನು ತಿದ್ದುವ ಮೊದಲು ವೈದ್ಯರನ್ನು ಕಾಣಿರಿ.

ಮಂಜಿನ ಊರು (ಆಟವಾ, ಕೆನಡಾ):

ಅಂಟಿನ ವಿಷಯ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಿಮ್ಮ ದೋಣಿ ರಾಯಲೆಕ್ಸ್ ಆಗಿರುವುದು ಒಂದು ರೀತಿಯಲ್ಲಿ ಅನುಕೂಲವೇ. ಅದರ ಮೇಲ್ಪದರ ವಿನೈಲ್ ಆಗಿರುವುದರಿಂದ ಅಂಟು ಚೆನ್ನಾಗಿ ಹಿಡಿಯುತ್ತದೆ. ಪಾಲಿಎಥಿಲೀನ್ ದೋಣಿಗಳಿಗೆ ಅಂಟು ಕೂರುವುದೇ ಕಷ್ಟವಾದ್ದರಿಂದ ಅಲ್ಲಿ ಪಟ್ಟಿಯ ಕೊಂಡಿಗಳನ್ನು ಬೋಲ್ಟ್ ಹಾಕಿ ನಿಲ್ಲಿಸಬೇಕಾಗುತ್ತದೆ. ಇನ್ನೊಂದು ರೀತಿಯಲ್ಲಿ ನೋಡಿದರೆ ಬಹಳ ಜಾಗ್ರತೆಯೂ ಬೇಕು: ರಾಯಲೆಕ್ಸ್ ತಯಾರಿಕೆ 2014ರಲ್ಲಿ ನಿಂತುಹೋಗಿದೆ. ಈ ಒಡಲನ್ನು ಕೆಡಿಸಿಕೊಂಡರೆ ಅಂಥದೇ ಹೊಸದು ಸಿಗುವುದಿಲ್ಲ.

ಹಳೆಯ ಪೀಠವನ್ನು ಕೀಳುವಾಗ ಹೀಟ್ ಗನ್‌ ಬಳಸುವುದಾದರೆ ಅತಿ ಕಡಿಮೆ ಶಾಖದಲ್ಲಿ, ಒಂದೇ ಜಾಗದಲ್ಲಿ ನಿಲ್ಲಿಸದೆ ಆಡಿಸುತ್ತಿರಿ. ರಾಯಲೆಕ್ಸ್‌ನ ನಡುಪದರ ಫೋಮ್ ಆಗಿರುವುದರಿಂದ ಶಾಖ ಹೆಚ್ಚಾದರೆ ಗುಳ್ಳೆಯೇಳುತ್ತದೆ. ಅಸಿಟೋನ್‌ನಿಂದ ಉಜ್ಜಬೇಡಿ, ಅದು ಒಳಗಿನ ಎಬಿಎಸ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಸೋಪುನೀರಿನಿಂದ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದರೆ ಸಾಕು.

ಫೋಮನ್ನು ದೋಣಿಗೆ ಕೂರಿಸಲು ದ್ರಾವಕ ಆಧಾರಿತ ಕಾಂಟಾಕ್ಟ್ ಸಿಮೆಂಟ್ ಎಂಬ ಅಂಟನ್ನು ಬಳಸಿ. ಎರಡೂ ಮೈಗಳಿಗೆ ತೆಳುವಾಗಿ ಬಳಿದು, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಎರಡನೆಯ ಸಲ ಬಳಿದು, ಅದೂ ಒಣಗಿದ ನಂತರವೇ ಒಂದಕ್ಕೊಂದು ತಾಗಿಸಬೇಕು. ಹಸಿಯಿರುವಾಗಲೇ ಅಂಟಿಸುವುದು ಎಲ್ಲರೂ ಮಾಡುವ ತಪ್ಪು. ತಾಗಿದ ಮೇಲೆ ಸರಿಪಡಿಸಲು ಅವಕಾಶವಿಲ್ಲ, ಆದ್ದರಿಂದ ನಡುವೆ ಮೇಣದ ಕಾಗದ ಇಟ್ಟು, ಗುರುತಿಗೆ ಸರಿಹೊಂದಿಸಿ, ಒಂದು ತುದಿಯಿಂದ ಕಾಗದವನ್ನು ಎಳೆಯುತ್ತ ಒತ್ತುತ್ತ ಹೋಗಿ. ಅಂಟಿನ ಆವಿ ವಿಷಕಾರಿಯೂ ಹೌದು, ಬೆಂಕಿ ಹಿಡಿಯುವಂಥದ್ದೂ ಹೌದು. ಗ್ಯಾರೇಜಿನ ಬಾಗಿಲು ತೆರೆದಿರಲಿ, ಗೀಸರ್‌ನ ಜ್ವಾಲೆ ಹತ್ತಿರವಿರುವಲ್ಲಿ ಮಾಡಲೇಬೇಡಿ. ಪಟ್ಟಿಯ ಕೊಂಡಿಗಳಿರುವ ವಿನೈಲ್ ತೇಪೆಗಳಿಗೆ ಮಾತ್ರ ಕಾಂಟಾಕ್ಟ್ ಸಿಮೆಂಟ್ ಸಾಲದು. ಅದಕ್ಕೆ ವಿನೈಲ್‌ಗೆಂದೇ ಮಾಡಿದ ಅಂಟು ತಂದು, ಡಬ್ಬಿಯ ಮೇಲೆ ಹೇಳಿದಷ್ಟು ಕಾಲ ಬಿಡಿ.

ಎತ್ತರದ ಬಗ್ಗೆ ಕಾಡುಹಾದಿಯವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಒಕೋಯಿ ದೋಣಿಯ ಬದಿಯಂಚು ಚೂಪಾದದ್ದು, ಹೊಸಬರನ್ನು ಕ್ಷಮಿಸುವ ದೋಣಿಯಲ್ಲ. ಇದೀಗ ಒಮ್ಮೆ ಮಗುಚಿ ಧೈರ್ಯ ಕುಂದಿರುವವರಿಗೆ ಒಮ್ಮೆಗೇ ಎರಡು ಇಂಚು ಏರಿಸುವುದಕ್ಕಿಂತ 8 ಇಂಚಿನಲ್ಲಿ ಒಂದು ಋತು ಕಳೆದು ನೋಡುವುದು ಮೇಲು.

ಕಾಡುಹಾದಿ:

ಅಂಟಿನ ವಿವರಗಳಿಗೆ ಧನ್ಯವಾದಗಳು. ಎತ್ತರದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಜೋಮು ಹಿಡಿದ ಕಾಲು ಪಾದದ ಆಧಾರವನ್ನು ಒತ್ತಲಾರದು, ಒತ್ತಲಾಗದವರು ಮತ್ತೆ ಪಟ್ಟಿಯನ್ನೇ ಬಿಗಿಯುತ್ತಾರೆ. ಸ್ಥಿರತೆ ಒಂದಿಷ್ಟು ಕಡಿಮೆಯಾದರೂ ಕಾಲು ಕೆಲಸ ಮಾಡುವ ಎತ್ತರವೇ ಸುರಕ್ಷಿತವಾದ ಎತ್ತರ. ಆದರೆ ಇದನ್ನು ನಾವಿಬ್ಬರೂ ಇಲ್ಲಿ ಕುಳಿತು ತೀರ್ಮಾನಿಸಬೇಕಾಗಿಲ್ಲ, ಸಡಿಲ ಹಾಳೆಗಳನ್ನು ಇಟ್ಟು ಎರಡನ್ನೂ ಕೆರೆಯಲ್ಲಿ ನೋಡಲಿ.

ಪಟ್ಟಿಯ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಒಂದು ಕೊಂಡಿ ಪೀಠದ ಮುಂದೆ ತಳದ ನಡುವಿನಲ್ಲಿ, ಇನ್ನೊಂದು ಸೊಂಟದ ಪಕ್ಕದ ಬದಿಯಲ್ಲಿ ಇರುವಂತೆ, ಪಟ್ಟಿ ತೊಡೆಯ ಮೇಲೆ ಓರೆಯಾಗಿ ಹಾದುಹೋಗಬೇಕು. ಬಕಲ್ ಎರಡೂ ತೊಡೆಗಳಲ್ಲಿ ಒಂದೇ ಕಡೆಗಿರಲಿ, ಎಳೆದರೆ ಬಿಡುವ ತುದಿಗೆ ಮರದ ಮಣಿಯನ್ನೋ ದಪ್ಪ ಹಗ್ಗದ ಗಂಟನ್ನೋ ಕಟ್ಟಿ, ಕೈಗವಸು ಹಾಕಿದ ಮರಗಟ್ಟಿದ ಬೆರಳಿಗೂ ಸಿಗುವಂತೆ ಮಾಡಿ. ಆಮೇಲೆ ಜೊತೆಗೊಬ್ಬರನ್ನು ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿಕೊಂಡು ಬೇಕೆಂದೇ ಮಗುಚಿ, ಮೊದಲು ಬಕಲ್ ಮುಟ್ಟದೆ, ನಂತರ ಎಡಗೈಯಿಂದ, ನಂತರ ಬಲಗೈಯಿಂದ ಹೊರಬನ್ನಿ. ಬಕಲ್ ಮುಟ್ಟದೆ ಹೊರಬರಲಾಗದಿದ್ದರೆ ಪಟ್ಟಿಯನ್ನು ಅರ್ಧ ಇಂಚು ಸಡಿಲಿಸಿ ಮತ್ತೆ ಮಾಡಿ.

ಹೊಳೆದಂಡೆ:

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಮೂರು ಶನಿವಾರ ಕೆರೆಯಲ್ಲೇ ಕಳೆದೆ. 9 ಇಂಚಿನಲ್ಲಿ ಕಾಲು ಹಾಯೆನಿಸಿತಾದರೂ ದೋಣಿ ವಾಲಿಸುವಾಗ ಎದೆ ನಡುಗುತ್ತಿತ್ತು, 8ರಲ್ಲಿ ನಲವತ್ತು ನಿಮಿಷಕ್ಕೆ ಜೋಮು ಮರಳಿತು. ಕೊನೆಗೆ ಎಂಟೂವರೆ ಇಂಚಿನಲ್ಲಿ, ಕಣಕಾಲಿನ ಕೆಳಗೆ ಫೋಮ್ ತುಂಡುಗಳನ್ನು ಕೊಟ್ಟು, ಒಂದೂಕಾಲು ಗಂಟೆ ನೋವಿಲ್ಲದೆ ಕುಳಿತೆ. ನೀರು ಸುರಿದು ನೋಡಿದಾಗ ಪೀಠ ಹಳೆಯ ಜಾಗಕ್ಕಿಂತ ಎರಡು ಇಂಚು ಮುಂದೆ ಬರಬೇಕೆಂದು ತಿಳಿಯಿತು. ಪಾದದ ಆಧಾರಗಳು ನಾಲ್ಕೂವರೆ ಇಂಚು ಮುಂದೆ ಬಂದಿವೆ. ಮಗುಚಿ ಹೊರಬರುವುದನ್ನು ಹನ್ನೆರಡು ಸಲ ಮಾಡಿದೆ, ಐದನೆಯದರಿಂದಾಚೆಗೆ ಒಮ್ಮೆಯೂ ಬಕಲ್ ಬೇಕಾಗಲಿಲ್ಲ. ಅಂಟಿಸಿದ್ದು ಅದಾದ ಮೇಲೆಯೇ. ಕಳೆದ ಭಾನುವಾರ ನಾಂಟಹಾಲಾಕ್ಕೆ ಮರಳಿ ಹೋಗಿ ಅದೇ ಮರುಹರಿವಿಗೆ ತಿರುಗಿದೆ. ಪಾದ ಒತ್ತಿದ ಕ್ಷಣದಲ್ಲಿ ದೋಣಿ ನನ್ನೊಂದಿಗೇ ವಾಲಿ, ನನ್ನೊಂದಿಗೇ ನೆಟ್ಟಗಾಯಿತು.

ಒಂದು ಸಂದೇಹ ಉಳಿದಿದೆ. ದೋಣಿಯೊಳಗೆ ನೀರು ತುಂಬದಂತೆ ಇಡುವ, ಬೆಳಿಗ್ಗೆ ಗಟ್ಟಿಯಾಗಿ ಊದಿದ್ದ ಗಾಳಿಚೀಲಗಳು ನದಿಗಿಳಿದ ಸ್ವಲ್ಪ ಹೊತ್ತಿನಲ್ಲೇ ಮೆತ್ತಗಾಗಿದ್ದವು. ಸೋರುತ್ತಿವೆಯೇ?

ಮಂಜಿನ ಊರು:

ಬಹುಶಃ ಸೋರಿಕೆಯಲ್ಲ. ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಹತ್ತು ನಿಮಿಷ ನೀರಿನಲ್ಲಿ ಬಿಟ್ಟು, ಹೊರಡುವ ಮುನ್ನ ಮತ್ತೊಮ್ಮೆ ಊದಿಕೊಳ್ಳಿ. ಚೀಲ ಆಕ್ರಮಿಸುವ ಪ್ರತಿ ಲೀಟರ್ ಜಾಗವೂ ಮಗುಚಿದಾಗ ದೋಣಿಗೆ ಸೇರದ ಒಂದು ಕಿಲೋ ನೀರು, ಆದ್ದರಿಂದ ಚೀಲ ಮೆತ್ತಗಿದ್ದರೆ ನಷ್ಟ ದೊಡ್ಡದು. ಹಾಗೆಯೇ ಮರಳಿ ಬಂದು ದೋಣಿಯನ್ನು ಕಾರಿನ ಮೇಲೆ ಕಟ್ಟುವಾಗ ಗಾಳಿಯನ್ನು ಸಾಕಷ್ಟು ಬಿಟ್ಟುಬಿಡಿ. ಜುಲೈ ಬಿಸಿಲಿನಲ್ಲಿ ತುಂಬಿದ ಚೀಲ ಹಿಗ್ಗಿ ಹೊಲಿಗೆಯಲ್ಲಿ ಬಿರಿಯುತ್ತದೆ. ಚೀಲಗಳನ್ನು ಹಿಡಿದಿಡುವ ಮೇಲಿನ ಹಗ್ಗದ ಜಾಲ ಕೈ ತೂರದಷ್ಟು ಬಿಗಿಯಾಗಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿ.